ಪ್ರೈಮರಿಯಲ್ಲಿ ತಳಮಟ್ಟದ ಬಲ ಕಟ್ಟುವುದು ಹೇಗೆ: ನ್ಯೂಯಾರ್ಕ್ 14ನೇ ಕ್ಷೇತ್ರ, 2018

ಮೊದಲು ಹೆಸರಿನ ಗೊಂದಲ ತೀರಲಿ. ಇಲ್ಲಿ ಕಾಂಗ್ರೆಸ್ ಎಂದರೆ ಅಮೆರಿಕದ ಸಂಸತ್ತು, ನಮ್ಮ ಪಕ್ಷವಲ್ಲ. ಅದರ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ 435 ಸ್ಥಾನಗಳಿವೆ, ಎರಡು ವರ್ಷಕ್ಕೊಮ್ಮೆ ಎಲ್ಲ ಸ್ಥಾನಗಳಿಗೂ ಚುನಾವಣೆ. ನಮ್ಮಲ್ಲಿ ಟಿಕೆಟ್ ಯಾರಿಗೆಂದು ಹೈಕಮಾಂಡ್ ತೀರ್ಮಾನಿಸಿ ಬಿ ಫಾರಂ ಕೊಡುತ್ತದೆ. ಅಲ್ಲಿ ಆ ತೀರ್ಮಾನ ಮತದಾರರದು, ಅದಕ್ಕಾಗಿ ನಡೆಯುವ ಮತದಾನವೇ ಪ್ರೈಮರಿ. ಹಾಲಿ ಸದಸ್ಯರನ್ನು ಅವರದೇ ಪಕ್ಷದವರು ಎದುರಿಸಬಹುದು, ಸೋಲಿಸಲೂಬಹುದು.

ನಾವು ನೋಡುವ ಉದಾಹರಣೆ 2018ರ ಜೂನ್ 26ರಂದು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಮತ್ತು ಕ್ವೀನ್ಸ್ ಭಾಗಗಳು ಸೇರಿದ 14ನೇ ಕ್ಷೇತ್ರದಲ್ಲಿ ನಡೆದ ಡೆಮಾಕ್ರಟಿಕ್ ಪ್ರೈಮರಿ. ಜೋಸೆಫ್ ಕ್ರೌಲಿ 1999ರಿಂದ ಸಂಸತ್ ಸದಸ್ಯರು, ಸಭೆಯ ಡೆಮಾಕ್ರಟಿಕ್ ನಾಯಕತ್ವದಲ್ಲಿ ನಾಲ್ಕನೆಯ ಸ್ಥಾನದವರು, ಜೊತೆಗೆ ಕ್ವೀನ್ಸ್ ಘಟಕದ ಅಧ್ಯಕ್ಷರು. 2004ರ ನಂತರ ಪ್ರೈಮರಿಯಲ್ಲಿ ಅವರಿಗೆ ಎದುರಾಳಿಯೇ ಇರಲಿಲ್ಲ. ಎದುರು ನಿಂತದ್ದು 28 ವರ್ಷದ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್. ಹಣದಲ್ಲಿ ಕ್ರೌಲಿ ಅವರದು ಹತ್ತು ಪಟ್ಟಿಗೂ ಮೇಲು. ಆದರೂ ಆಕೆ ಶೇ. 57ರಷ್ಟು ಮತ ಪಡೆದು ಸುಮಾರು 4 ಸಾವಿರ ಅಂತರದಿಂದ ಗೆದ್ದರು.

ಈ ಗೆಲುವನ್ನು ಅಲೆ ಎಂದು ಬಣ್ಣಿಸುವವರೇ ಹೆಚ್ಚು. ಕಲಿಯುವವರಿಗೆ ಆ ವಿವರಣೆಯಿಂದ ಏನೂ ದಕ್ಕುವುದಿಲ್ಲ. ತಳಮಟ್ಟದ ಬೆಂಬಲವನ್ನು ಅಳೆಯುವುದು ಮತದಾರರ ಪಟ್ಟಿಯಲ್ಲಿ. ಸಭೆಗೆ ಬಂದವರ ಸಂಖ್ಯೆ, ಮೊಬೈಲಿನಲ್ಲಿ ಬಿದ್ದ ಲೈಕುಗಳು ಅಳತೆಗೋಲಲ್ಲ. ಈ ಪ್ರೈಮರಿಯಲ್ಲಿ ಮತ ಹಾಕುವ ಹಕ್ಕಿರುವ ಎಷ್ಟು ಜನರ ಹೆಸರಿನ ಮುಂದೆ 'ನಮ್ಮವರು' ಎಂಬ ಗುರುತು ಬಿದ್ದಿದೆ, ಅವರಲ್ಲಿ ಎಷ್ಟು ಜನ ಆ ದಿನ ಮನೆಯಿಂದ ಹೊರಟರು, ಲೆಕ್ಕ ಅಷ್ಟೇ.

ಯಾರಿಗೆ ಮತ ಹಾಕುವ ಹಕ್ಕು

ನ್ಯೂಯಾರ್ಕಿನದು ಮುಚ್ಚಿದ ಪ್ರೈಮರಿ. ಮತದಾರರಾಗಿ ನೋಂದಾಯಿಸುವಾಗಲೇ ಪಕ್ಷವನ್ನೂ ನಮೂದಿಸಬಹುದು, ಡೆಮಾಕ್ರಟಿಕ್ ಎಂದು ನಮೂದಾದವರಿಗೆ ಮಾತ್ರ ಈ ಮತಪತ್ರ ಸಿಗುತ್ತದೆ. ಇಲ್ಲಿರುವ ಬಲೆ ದಿನಾಂಕದ್ದು. ಹೊಸದಾಗಿ ನೋಂದಾಯಿಸುವವರಿಗೆ 2018ರ ಜೂನ್ 1ರವರೆಗೆ ಅವಕಾಶವಿತ್ತು. ಆದರೆ ಮೊದಲೇ ಪಟ್ಟಿಯಲ್ಲಿದ್ದು 'ಯಾವ ಪಕ್ಷವೂ ಅಲ್ಲ' ಎಂದು ಬರೆಸಿದ್ದವರು ಡೆಮಾಕ್ರಟಿಕ್‌ಗೆ ಬದಲಾಗಲು ಕೊನೆಯ ದಿನ 2017ರ ಅಕ್ಟೋಬರ್ 13. ಚುನಾವಣೆಗೆ ಎಂಟು ತಿಂಗಳು ಮೊದಲು! ಮೇ ತಿಂಗಳಲ್ಲಿ ಬಾಗಿಲು ತಟ್ಟಿ ಒಬ್ಬರ ಮನಸ್ಸು ಗೆದ್ದರೂ, ಅವರು ಪಕ್ಷೇತರ ಎಂದು ನಮೂದಾಗಿದ್ದರೆ ಆ ಸಂಜೆಯ ದುಡಿಮೆಯಿಂದ ಒಂದು ಮತವೂ ಬರುವುದಿಲ್ಲ. 2019ರಲ್ಲಿ ಕಾನೂನು ಬದಲಾಗಿ ಈ ಗಡುವು ಫೆಬ್ರವರಿ 14ಕ್ಕೆ ಬಂತು.

ಹಾಗಾಗಿ ಮೊದಲ ಹಂತ ಭಾಷಣವಲ್ಲ, ಪಕ್ಷ ಬದಲಾವಣೆಯ ಅರ್ಜಿ ತುಂಬಿಸುವುದು. ಎಲ್ಲ ರಾಜ್ಯಗಳಲ್ಲೂ ಹೀಗಿಲ್ಲ. ವರ್ಜೀನಿಯಾದಲ್ಲಿ ಪಕ್ಷದ ನೋಂದಣಿಯೇ ಇಲ್ಲ, ಯಾರು ಬೇಕಾದರೂ ಒಂದು ಪಕ್ಷದ ಪ್ರೈಮರಿ ಆರಿಸಿಕೊಳ್ಳಬಹುದು. ಕ್ಯಾಲಿಫೋರ್ನಿಯಾದಲ್ಲಿ ಎಲ್ಲ ಪಕ್ಷದವರೂ ಒಂದೇ ಮತಪತ್ರದಲ್ಲಿರುತ್ತಾರೆ, ಮೊದಲ ಇಬ್ಬರು ನವೆಂಬರ್‌ನ ಮುಖ್ಯ ಚುನಾವಣೆಗೆ ಹೋಗುತ್ತಾರೆ. ರಾಜ್ಯದ ನಿಯಮ ಓದದೆ ಯೋಜನೆ ಹಾಕಬೇಡಿ.

ಗೆಲುವಿನ ಸಂಖ್ಯೆ

ಆಗ ಒಂದು ಕ್ಷೇತ್ರದ ಜನಸಂಖ್ಯೆ ಸರಾಸರಿ 7 ಲಕ್ಷ. 14ನೇ ಕ್ಷೇತ್ರದಲ್ಲಿ ಡೆಮಾಕ್ರಟಿಕ್ ಎಂದು ನೋಂದಾಯಿಸಿದವರು 2 ಲಕ್ಷಕ್ಕೂ ಮೇಲೆ. ಮತ ಹಾಕಿದವರು 30 ಸಾವಿರದ ಆಸುಪಾಸು. ಹಣ ಕಡಿಮೆ ಇರುವವರಿಗೆ ದಾರಿ ತೆರೆಯುವುದು ಈ ಕುಸಿತವೇ, ಇಡೀ ಪಾಠದ ಕೀಲಿ ಇದು. ಇಬ್ಬರೇ ಅಭ್ಯರ್ಥಿಗಳಿದ್ದಾಗ 15 ಸಾವಿರದ ಮೇಲೆ ಒಂದು ಮತ ಸಾಕು. ಕೈಬಿಡುವವರನ್ನು ಲೆಕ್ಕಕ್ಕಿಟ್ಟು 17 ಸಾವಿರದ ಗುರಿ ಇಟ್ಟುಕೊಂಡರೆ ಸುರಕ್ಷಿತ.

ಅಭ್ಯರ್ಥಿಗಳು ಹೆಚ್ಚಾದರೆ ಸಂಖ್ಯೆ ಇನ್ನೂ ಇಳಿಯುತ್ತದೆ, ಏಕೆಂದರೆ ಬಹುತೇಕ ರಾಜ್ಯಗಳಲ್ಲಿ ಎಲ್ಲರಿಗಿಂತ ಹೆಚ್ಚು ಮತ ಬಂದರೆ ಸಾಕು. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರ ಆಗಸ್ಟ್‌ನಲ್ಲಿ ಮಿಷಿಗನ್ 13ನೇ ಕ್ಷೇತ್ರದ ಪ್ರೈಮರಿ ಗೆದ್ದದ್ದು ಸುಮಾರು ಶೇ. 28 ಮತದಿಂದ, ಕಣದಲ್ಲಿ ಒಂಬತ್ತು ಮಂದಿ ಇದ್ದರು. ಅದು ಬಹುಮಟ್ಟಿಗೆ ಸ್ವಂತ ಹಣದ ಪ್ರಚಾರ, ತಳಮಟ್ಟದ ಮಾದರಿಯಲ್ಲ. ಗಣಿತ ಮಾತ್ರ ಅದೇ. ಟೆಕ್ಸಾಸ್, ಜಾರ್ಜಿಯಾಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಮೊದಲ ಇಬ್ಬರ ನಡುವೆ ಮರುಸುತ್ತು ನಡೆಯುತ್ತದೆ, ಅಲ್ಲಿ ಎರಡು ಗೆಲುವಿನ ಸಂಖ್ಯೆ ಬೇಕು.

ಹಳೆಯ ಪದ್ಧತಿಯ ಪ್ರಚಾರಗಳು ಹಿಂದಿನ ಮೂರು ಪ್ರೈಮರಿಗಳಲ್ಲೂ ಮತ ಹಾಕಿದವರನ್ನಷ್ಟೇ ಹಿಡಿಯುತ್ತವೆ. ನ್ಯೂಯಾರ್ಕಿನಲ್ಲಿ ಅವರಿಗೆ 'ಟ್ರಿಪಲ್ ಪ್ರೈಮ್' ಎನ್ನುತ್ತಾರೆ. ದುಡ್ಡಿನ ಲೆಕ್ಕದಲ್ಲಿ ಅದು ಸರಿ. ಆದರೆ ಅವರಲ್ಲಿ ಅನೇಕರಿಗೆ ಹಾಲಿ ಸದಸ್ಯರ ಪರಿಚಯ ಗಟ್ಟಿಯಾಗಿರುತ್ತದೆ. ಎದುರಿಸುವವರು ಅಪರೂಪಕ್ಕೆ ಮತ ಹಾಕುವವರನ್ನೂ ಸೇರಿಸಿ ಪಟ್ಟಿ ಹಿಗ್ಗಿಸಬೇಕು, ಅದಕ್ಕೆ ಹೆಚ್ಚು ಕಾಲುಗಳು ಬೇಕು. ಸಮೀಕ್ಷೆಗಳು ಎಡವುವುದೂ ಇಲ್ಲೇ. 2014ರ ಜೂನ್ 10ರಂದು ವರ್ಜೀನಿಯಾ 7ನೇ ಕ್ಷೇತ್ರದಲ್ಲಿ ಸಭೆಯ ಬಹುಮತದ ನಾಯಕ ಎರಿಕ್ ಕ್ಯಾಂಟರ್ ತಮ್ಮದೇ ಸಮೀಕ್ಷೆಯಲ್ಲಿ 30 ಶೇಕಡಾ ಅಂಶಕ್ಕೂ ಹೆಚ್ಚು ಮುಂದಿದ್ದರು. ಡೇವಿಡ್ ಬ್ರಾಟ್ ಎದುರು 11 ಅಂಶದಿಂದ ಸೋತರು. ಇಷ್ಟು ಕಡಿಮೆ ಮತದಾನದಲ್ಲಿ ಯಾರು ಬರುತ್ತಾರೆಂಬ ಊಹೆ ತಪ್ಪಿದರೆ ಸಮೀಕ್ಷೆಯ ಬುಡವೇ ಅಲುಗುತ್ತದೆ.

ಸಹಿ ಸಂಗ್ರಹ

ನ್ಯೂಯಾರ್ಕಿನಲ್ಲಿ ಮತಪತ್ರದಲ್ಲಿ ಹೆಸರು ಬರಲು ಪಕ್ಷದಲ್ಲಿ ನೋಂದಾಯಿಸಿದ ಕ್ಷೇತ್ರದ 1,250 ಮತದಾರರ ಸಹಿ ಬೇಕು, ಅವಧಿ 37 ದಿನ. ಸಣ್ಣದೆನಿಸುತ್ತದೆ. ಆದರೆ ಹೊಸ ತಂಡಗಳು ಮೊದಲು ಮುಗ್ಗರಿಸುವುದು ಈ ಹಂತದಲ್ಲೇ, ಆದ್ದರಿಂದ ಇದನ್ನು ನಿಧಾನವಾಗಿ ನೋಡೋಣ.

ಡೆಮಾಕ್ರಟಿಕ್ ಅರ್ಜಿಯ ಹಾಳೆ ತಿಳಿ ಹಸಿರು ಬಣ್ಣದ್ದು. ಮೇಲ್ಭಾಗದಲ್ಲಿ ಅಭ್ಯರ್ಥಿಯ ಹೆಸರು, ವಿಳಾಸ, ಸ್ಥಾನ. ನಡುವೆ ಸಾಲುಗಳು, ಪ್ರತಿ ಸಾಲಿನಲ್ಲಿ ದಿನಾಂಕ, ಸಹಿ, ವಿಳಾಸ. ಕೆಳಗೆ ಸಾಕ್ಷಿಯ ಹೇಳಿಕೆ: 'ಇಷ್ಟು ಜನ ನನ್ನ ಎದುರಿಗೇ ಸಹಿ ಹಾಕಿದರು' ಎಂದು ಸಂಖ್ಯೆ ತುಂಬಿ ಸಹಿ ಮಾಡಬೇಕು. ಸಾಕ್ಷಿಯಾಗುವವರು ರಾಜ್ಯದ ಮತದಾರರಾಗಿ ಅದೇ ಪಕ್ಷದಲ್ಲಿ ನೋಂದಾಯಿಸಿರಬೇಕು, ನೋಟರಿಗಳಿಗೆ ವಿನಾಯಿತಿ ಇದೆ. ಉತ್ಸಾಹಿ ಕಾರ್ಯಕರ್ತರೊಬ್ಬರು ಪಕ್ಷೇತರರಾಗಿದ್ದು ಇಡೀ ವಾರ ಸಹಿ ತಂದರೆ, ಸಹಿ ಹಾಕಿದವರೆಲ್ಲ ಅರ್ಹರಿದ್ದರೂ ಹಾಳೆಗಳು ಬಿದ್ದುಹೋಗುತ್ತವೆ.

ಸಹಿ ಮತದಾರರ ಕೈಯದೇ ಆಗಬೇಕು, ಮಿಕ್ಕ ವಿವರವನ್ನು ಕಾರ್ಯಕರ್ತರು ತುಂಬಬಹುದು. ಗಂಡ ಹೆಂಡತಿಯ ಹೆಸರಲ್ಲಿ ಹಾಕಿದ ಸಹಿ ನಡೆಯುವುದಿಲ್ಲ. ದಿನಾಂಕ ತಿದ್ದಿದರೆ ಪಕ್ಕದಲ್ಲಿ ಚುಟುಕು ಸಹಿ ಇರಲೇಬೇಕು. ಅದೇ ಸ್ಥಾನಕ್ಕೆ ಎದುರಾಳಿಯ ಹಾಳೆಗೆ ಮೊದಲೇ ಸಹಿ ಹಾಕಿದ್ದರೆ ನಿಮ್ಮದು ಲೆಕ್ಕಕ್ಕಿಲ್ಲ, ಆದ್ದರಿಂದ ಮೊದಲ ವಾರದಲ್ಲೇ ಹೊರಡುವುದು ಜಾಣತನ. ಗಡುವಿನ ನಂತರ ಎದುರಾಳಿಯ ವಕೀಲರು ಒಂದೊಂದು ಸಾಲನ್ನೂ ಪಟ್ಟಿಯೊಂದಿಗೆ ತಾಳೆ ನೋಡಿ ಆಕ್ಷೇಪ ಹಾಕುತ್ತಾರೆ. ಅದಕ್ಕೇ ಬೇಕಾದ್ದಕ್ಕಿಂತ ಮೂರು ಪಟ್ಟು, ಅಂದರೆ 3,750ರ ಗುರಿ ಇಟ್ಟುಕೊಂಡು, ಪ್ರತಿ ರಾತ್ರಿ ಆ ದಿನದ ಸಹಿಗಳನ್ನು ಪಟ್ಟಿಯೊಡನೆ ಹೋಲಿಸಿ ಸಾಲು ಸಾಲಾಗಿ ಟಿಕ್ ಹಾಕಿ. ಕೊನೆಯ ದಿನಕ್ಕೆ ಬಿಟ್ಟರೆ ಕೊರತೆ ತುಂಬಲು ಸಮಯವೇ ಉಳಿಯುವುದಿಲ್ಲ.

ಇನ್ನೊಂದು ಲಾಭವೂ ಇದೆ. ಸಹಿ ಕೊಟ್ಟವರೇ ಬೆಂಬಲಿಗರ ಮೊದಲ ಪಟ್ಟಿ. ಫೋನ್ ನಂಬರನ್ನು ಬೇರೆ ಹಾಳೆಯಲ್ಲಿ ಆಗಲೇ ಕೇಳಿಕೊಳ್ಳಿ.

ಬಾಗಿಲು ತಟ್ಟುವ ಕೆಲಸ

ಸಾಮಾನ್ಯ ಪಾಳಿ ಮೂರು ಗಂಟೆ, ಇಬ್ಬರ ಜೋಡಿ, ಒಂದು ಜೋಡಿಗೆ ಒಂದು ತುಂಡು ಬೀದಿ. ಆ ತುಂಡಿನ ನೋಂದಾಯಿತ ಮತದಾರರ ಪಟ್ಟಿ ಮೊಬೈಲಿನಲ್ಲಿರುತ್ತದೆ, ಡೆಮಾಕ್ರಟಿಕ್ ಪ್ರಚಾರಗಳಲ್ಲಿ ಮಿನಿವ್ಯಾನ್ ಆ್ಯಪ್ ಹೆಚ್ಚು ಬಳಕೆಯಲ್ಲಿದೆ. ಮಾತಾದ ಕೂಡಲೇ 1ರಿಂದ 5ರ ಗುರುತು: 1 ಗಟ್ಟಿ ಬೆಂಬಲ, 2 ವಾಲಿದ್ದಾರೆ, 3 ಇನ್ನೂ ತೀರ್ಮಾನಿಸಿಲ್ಲ, 4 ಅತ್ತ ವಾಲಿದ್ದಾರೆ, 5 ಗಟ್ಟಿ ವಿರೋಧ. ಹೊಸಬರು ಸೌಜನ್ಯಕ್ಕೆ ನಕ್ಕವರಿಗೆಲ್ಲ 1 ಹಾಕಿಬಿಡುತ್ತಾರೆ. 'ನೋಡೋಣ, ಒಳ್ಳೆಯದಾಗಲಿ' ಎಂದವರಿಗೆ ಹಾಕಬೇಕಾದ್ದು 3. 'ನಿಮ್ಮ ಮತ ನಮಗೆ ಅಂತ ಬರ್ಕೊಳ್ಳಬಹುದಾ?' ಎಂದು ನೇರವಾಗಿ ಕೇಳಿ, ಹೌದೆಂದರೆ ಮಾತ್ರ 1. ಗುರುತು ಸುಳ್ಳಾದರೆ ಕೊನೆಯ ನಾಲ್ಕು ದಿನ ತಪ್ಪು ಮನೆಗಳ ಮುಂದೆ ಕಳೆಯುತ್ತವೆ.

ಲೆಕ್ಕ ಹಾಕಿ ನೋಡೋಣ. ಒಂದು ಪಾಳಿಗೆ 50 ಬಾಗಿಲು, ಅದರಲ್ಲಿ 10 ತೆರೆದರೆ, 3 ಅಥವಾ 4 ಮಂದಿ 1 ಅಥವಾ 2 ಆಗುತ್ತಾರೆ ಎಂದುಕೊಳ್ಳಿ. 5 ಸಾವಿರ ಬೆಂಬಲಿಗರನ್ನು ಗುರುತಿಸಲು ಸುಮಾರು 1,430 ಪಾಳಿ ಬೇಕು, ಹತ್ತು ವಾರದಲ್ಲಿ ವಾರಕ್ಕೆ 143. ಬರುತ್ತೇನೆಂದ ಕಾರ್ಯಕರ್ತರಲ್ಲಿ ಅರ್ಧ ಜನ ತಪ್ಪಿಸಿಕೊಂಡರೆ ವಾರಕ್ಕೆ 286 ಪಾಳಿಗೆ ಹೆಸರು ಬರೆಸಬೇಕು. ಹಿಂದಿನ ರಾತ್ರಿ ಫೋನ್ ಮಾಡಿ ಖಚಿತಪಡಿಸಿಕೊಳ್ಳುವ ಒಬ್ಬರು ಈ ಸೋರಿಕೆಯನ್ನು ಕಡಿಮೆ ಮಾಡುತ್ತಾರೆ. ಅವರು ತಂಡದ ಅತಿ ಮುಖ್ಯ ವ್ಯಕ್ತಿ.

ನ್ಯೂಯಾರ್ಕಿನ ದೊಡ್ಡ ಕಟ್ಟಡಗಳಲ್ಲಿ ಕೆಳಬಾಗಿಲೇ ತೆರೆಯುವುದಿಲ್ಲ. ಅಲ್ಲಿ ಸಬ್‌ವೇ ನಿಲ್ದಾಣ, ಉದ್ಯಾನ, ಅಂಗಡಿಬೀದಿಗಳಲ್ಲಿ ಜನರನ್ನು ನಿಲ್ಲಿಸಿ ಮಾತಾಡಬೇಕು. ತೊಡಕೆಂದರೆ ಬಾಗಿಲಿನ ಪಟ್ಟಿ ಬೀದಿಯಲ್ಲಿ ಕೆಲಸಕ್ಕೆ ಬರುವುದಿಲ್ಲ, ಎದುರು ನಿಂತವರು ಯಾರೆಂದೇ ಗೊತ್ತಿರುವುದಿಲ್ಲ. ಇದಕ್ಕಾಗಿಯೇ ಒಕಾಸಿಯೊ-ಕಾರ್ಟೆಜ್ ತಂಡದಲ್ಲಿ ರೀಚ್ ಎಂಬ ಆ್ಯಪ್ ಹುಟ್ಟಿತು: ಹೆಸರು ಕೇಳಿ ಹುಡುಕಿದರೆ ಅವರು ಪಟ್ಟಿಯಲ್ಲಿದ್ದಾರೋ ಇಲ್ಲವೋ ಅಲ್ಲೇ ತಿಳಿಯುತ್ತದೆ, ಗುರುತನ್ನೂ ಅಲ್ಲೇ ಹಾಕಬಹುದು.

ಕರಪತ್ರದ ಬಗ್ಗೆ ಎರಡು ಮಾತು. ಅಂಚೆಚೀಟಿ ಇಲ್ಲದ ಕರಪತ್ರವನ್ನು ಮನೆಯ ಅಂಚೆಪೆಟ್ಟಿಗೆಗೆ ಹಾಕುವುದು ಅಲ್ಲಿ ಕಾನೂನುಬಾಹಿರ. ಬಾಗಿಲ ಹಿಡಿಗೆ ಸಿಕ್ಕಿಸಿ ಇಲ್ಲವೇ ಸಂದಿಯಲ್ಲಿ ತಳ್ಳಿ. ಖರ್ಚು ಯಾರದೆಂಬ ಸಾಲು ಚೌಕಟ್ಟಿನೊಳಗೆ ಅಚ್ಚಾಗಿರಬೇಕು, ಮರೆತರೆ ಅಷ್ಟೂ ಪ್ರತಿ ಮತ್ತೆ ಅಚ್ಚು ಹಾಕಿಸಬೇಕಾಗುತ್ತದೆ.

ಸಣ್ಣ ದೇಣಿಗೆ, ದೊಡ್ಡ ನಿಯಮ

5,000 ಡಾಲರ್ ದಾಟಿ ಸಂಗ್ರಹಿಸಿದರೆ ಅಥವಾ ಖರ್ಚು ಮಾಡಿದರೆ ಅಭ್ಯರ್ಥಿ ಫೆಡರಲ್ ಚುನಾವಣಾ ಆಯೋಗದಲ್ಲಿ ನೋಂದಾಯಿಸಬೇಕು. ಒಬ್ಬ ವ್ಯಕ್ತಿ ಒಂದು ಚುನಾವಣೆಗೆ ಕೊಡಬಹುದಾದ ಮಿತಿ 2018ರಲ್ಲಿ 2,700 ಡಾಲರ್ ಇತ್ತು, 2025–26ರ ಅವಧಿಗೆ 3,500. ಪ್ರೈಮರಿ ಮತ್ತು ನವೆಂಬರ್ ಚುನಾವಣೆ ಬೇರೆ ಬೇರೆ ಲೆಕ್ಕ. ಒಬ್ಬರ ಒಟ್ಟು ದೇಣಿಗೆ 200 ಡಾಲರ್ ದಾಟಿದ ಕೂಡಲೇ ಹೆಸರು, ವಿಳಾಸ, ವೃತ್ತಿ, ಉದ್ಯೋಗದಾತರ ವಿವರ ವರದಿಯಲ್ಲಿ ಬರಬೇಕು. ನಗದು 100 ಡಾಲರಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಡೆಮಾಕ್ರಟಿಕ್ ಪ್ರಚಾರಗಳಿಗೆ ಆನ್‌ಲೈನಿನಲ್ಲಿ ದೇಣಿಗೆ ಸಂಗ್ರಹಿಸುವ ಆ್ಯಕ್ಟ್‌ಬ್ಲೂ ತಾಣದ ಮೂಲಕ ಬಂದರೆ ಶೇ. 3.95 ಶುಲ್ಕ ಕಳೆಯುತ್ತದೆ: 27 ಡಾಲರಿಗೆ ಸುಮಾರು 1 ಡಾಲರ್ 7 ಸೆಂಟ್. 27 ಡಾಲರ್ ಕೊಟ್ಟವರ ಬೆಲೆ ಮೊತ್ತದಲ್ಲಿಲ್ಲ. ಮಿತಿ ಮುಟ್ಟಿದವರನ್ನು ಮತ್ತೆ ಕೇಳುವಂತಿಲ್ಲ, ಇವರನ್ನು ಕೇಳಬಹುದು, ಜೊತೆಗೆ ಪಾಳಿಗೂ ಕರೆಯಬಹುದು.

ಅಲ್ಲಿರುವ ಕನ್ನಡಿಗರಿಗೆ

ಇದನ್ನು ತಪ್ಪದೆ ಓದಿ. ಎಚ್-1ಬಿ, ವಿದ್ಯಾರ್ಥಿ ಅಥವಾ ಪ್ರವಾಸಿ ವೀಸಾದಲ್ಲಿರುವವರು ದೇಣಿಗೆ ಕೊಡುವಂತಿಲ್ಲ, ಒಂದು ಡಾಲರ್ ಕೂಡ. ಮಗಳ ಮನೆಗೆ ಬಂದಿರುವ ಅಪ್ಪ ಅಮ್ಮನಿಗೂ ಇದು ಅನ್ವಯ. ಗ್ರೀನ್ ಕಾರ್ಡ್ ಇರುವವರು ಕೊಡಬಹುದು, ಮತ ಹಾಕುವಂತಿಲ್ಲ. ನಾಗರಿಕರಲ್ಲದವರು ಸಂಬಳವಿಲ್ಲದೆ ಬಾಗಿಲು ತಟ್ಟಬಹುದು, ಫೋನ್ ಮಾಡಬಹುದು. ಆದರೆ ಪ್ರಚಾರದ ಹಣ, ತಂತ್ರಗಳ ತೀರ್ಮಾನದಲ್ಲಿ ಕೂರುವಂತಿಲ್ಲ. ಎಲ್ಲಕ್ಕಿಂತ ಅಪಾಯದ್ದು ಮತದಾರರ ನೋಂದಣಿ ಅರ್ಜಿ. ಅದರಲ್ಲಿ 'ನಾನು ಅಮೆರಿಕದ ನಾಗರಿಕ' ಎಂಬ ಘೋಷಣೆ ಇರುತ್ತದೆ. ಯಾರೋ ಮೇಜು ಹಾಕಿ ಕೊಟ್ಟ ಅರ್ಜಿಗೆ ಓದದೆ ಸಹಿ ಹಾಕಿದರೆ ಗಡೀಪಾರಿನವರೆಗೂ ಹೋಗಬಹುದು.

ಕನ್ನಡ ಕೂಟಗಳು 501(ಸಿ)(3) ದತ್ತಿ ಸಂಸ್ಥೆಗಳಾಗಿದ್ದರೆ ಯಾವ ಅಭ್ಯರ್ಥಿಯ ಪರವಾಗಿಯೂ ನಿಲ್ಲುವಂತಿಲ್ಲ. ಯುಗಾದಿ ವೇದಿಕೆಯಿಂದ 'ನಮ್ಮವರಿಗೇ ಮತ ಹಾಕಿ' ಎಂಬ ಒಂದು ಘೋಷಣೆ ಸಾಕು, ತೆರಿಗೆ ವಿನಾಯಿತಿಗೆ ಕುತ್ತು. ಪದಾಧಿಕಾರಿಗಳು ಸ್ವಂತ ಹೆಸರಲ್ಲಿ, ಸ್ವಂತ ಮನೆಯಲ್ಲಿ ಸಭೆ ಮಾಡಲು ಅಡ್ಡಿಯಿಲ್ಲ. ಅಂಥ ಮನೆ ಸಭೆಯ ಊಟ ತಿಂಡಿಗೆ ಒಬ್ಬರು ಒಂದು ಚುನಾವಣೆಗೆ 1,000 ಡಾಲರ್‌ವರೆಗೆ ಖರ್ಚು ಮಾಡಿದರೂ ಅದು ದೇಣಿಗೆಯ ಲೆಕ್ಕಕ್ಕೆ ಬರುವುದಿಲ್ಲ.

ಕೊನೆಯ ನಾಲ್ಕು ದಿನ

ಈಗ ಮನವೊಲಿಸುವ ಕೆಲಸ ನಿಲ್ಲಿಸಿ. 4 ಮತ್ತು 5ರ ಮನೆಗಳಿಗೆ ಹೋಗಲೇಬೇಡಿ, ಅವರಿಗೆ ಚುನಾವಣೆಯ ನೆನಪು ಮಾಡಿಕೊಟ್ಟಂತಾಗುತ್ತದೆ. 1 ಮತ್ತು 2ರವರನ್ನು ಮಾತ್ರ ಕಂಡು ಮೂರು ಪ್ರಶ್ನೆ ಕೇಳಿ: ಎಷ್ಟು ಗಂಟೆಗೆ ಹೋಗ್ತೀರಿ, ಎಲ್ಲಿಂದ ಹೋಗ್ತೀರಿ, ಜೊತೆಗೆ ಯಾರು ಬರ್ತಾರೆ? 2018ರಲ್ಲಿ ನ್ಯೂಯಾರ್ಕಿನಲ್ಲಿ ಮುಂಗಡ ಮತದಾನ ಇರಲಿಲ್ಲ, ಬೆಳಿಗ್ಗೆ 6ರಿಂದ ರಾತ್ರಿ 9ರವರೆಗೆ ಒಂದೇ ದಿನ. ಮತಗಟ್ಟೆಯ 100 ಅಡಿ ಒಳಗೆ ಪ್ರಚಾರ ನಿಷಿದ್ಧ, ಅಲ್ಲಿಗೆ ಹೋಗುವಾಗ ಟೀ ಶರ್ಟಿನ ಮೇಲಿನ ಹೆಸರನ್ನೂ ಮುಚ್ಚಿಕೊಳ್ಳಬೇಕು.

ಸಂಜೆ 5ರಿಂದ 9ರ ಪಾಳಿಗೆ ಗಟ್ಟಿ ಕಾರ್ಯಕರ್ತರನ್ನು ಉಳಿಸಿಟ್ಟುಕೊಳ್ಳಿ, ಕೆಲಸ ಮುಗಿಸಿ ಬರುವವರು ಸಿಗುವುದು ಆಗಲೇ. ಹೆಸರು ಪಟ್ಟಿಯಲ್ಲಿಲ್ಲ ಎಂದು ಯಾರನ್ನಾದರೂ ಹಿಂದಕ್ಕೆ ಕಳಿಸಿದರೆ ಅಫಿಡವಿಟ್ ಮತಪತ್ರ (ತಾನು ಅರ್ಹ ಎಂದು ಬರೆದುಕೊಟ್ಟು ಲಕೋಟೆಯಲ್ಲಿ ಹಾಕುವ ಮತ) ಕೇಳಿ ಹಾಕುವಂತೆ ಹೇಳಿ. ಅದು ಆ ರಾತ್ರಿಯ ಎಣಿಕೆಗೆ ಸೇರುವುದಿಲ್ಲ, ನೋಂದಣಿ ಪರಿಶೀಲಿಸಿದ ಮೇಲೆ ಅರ್ಹವಾದದ್ದನ್ನು ಎಣಿಸುತ್ತಾರೆ. ಅಂತರ ಸಣ್ಣದಿದ್ದರೆ ಆ ಲಕೋಟೆಗಳನ್ನು ತೆರೆಯುವ ಮೇಜಿನ ಬಳಿ ನಿಮ್ಮ ಪ್ರತಿನಿಧಿಯೊಬ್ಬರು ಪಟ್ಟಿ ಹಿಡಿದು ನಿಂತಿರಬೇಕು.