ಸೀಕ್ವೆನ್ಸಿಂಗ್ ಆಮೇಲೆ, ಮೊದಲು ನೊಣ ಸಾಕಿ

ಮೈಸೂರಿನಲ್ಲಿ ಡ್ರೊಸೊಫಿಲಾ, ಅಂದರೆ ಹಣ್ಣಿನ ನೊಣ, ಸಾಕುವವರಿಗೆ ಬರವಿಲ್ಲ. ರವೆ, ಬೆಲ್ಲ, ಗಟ್ಟಿಯಾಗಲು ಅಗರ್ ಬೇಯಿಸಿ, ಬೂಷ್ಟು ಬಾರದಂತೆ ಒಂಚೂರು ಪ್ರೊಪಿಯಾನಿಕ್ ಆಮ್ಲ ಬೆರೆಸಿ ಬಾಟಲಿಗೆ ಸುರಿದರೆ ನೊಣದ ಊಟ ರೆಡಿ. ಚಾಮುಂಡಿ ಬೆಟ್ಟದಲ್ಲಿ ಬಾಳೆಹಣ್ಣಿಟ್ಟು ಹಿಡಿದ ನೊಣ ತಂದು, "ಸರ್, ಇದರ ಜೀನೋಮ್ ಓದಿಸೋಣ್ವಾ?" ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಜೀನೋಮ್ ಅಂದರೆ ನೊಣದ ಇಡೀ ಡಿಎನ್‌ಎ ಬರಹ; ಅದನ್ನು ಓದುವುದೇ ಸೀಕ್ವೆನ್ಸಿಂಗ್. ಓದಿಸೋಣ, ಆದರೆ ಈ ವಾರ ಬೇಡ ಅನ್ನುತ್ತೇನೆ.

ಯಂತ್ರ ಡಿಎನ್‌ಎಯನ್ನು ಚೂರು ಚೂರಾಗಿ ಓದುತ್ತದೆ. ಒಂದರ ತುದಿ ಇನ್ನೊಂದಕ್ಕೆ ಹೊಂದುವ ಕಡೆ ಕಂಪ್ಯೂಟರ್ ಜೋಡಿಸುತ್ತದೆ. ಒಂದೇ ವರ್ಷದ ಪಂಚಾಂಗದ ಹತ್ತಾರು ಪ್ರತಿ ಹರಿದು ಹಾಕಿದರೂ ಹೀಗೆ ಮತ್ತೆ ಜೋಡಿಸಬಹುದು. ಹೋದ ವರ್ಷದ್ದೂ ಅದರಲ್ಲಿ ಬೆರೆತಿದ್ದರೆ ಮಾತ್ರ ಕಷ್ಟ. ಬೆಟ್ಟದ ನೊಣದಲ್ಲಿ ಆಗುವುದು ಇದೇ. ತಾಯಿಯ ಕಡೆಯ ಪ್ರತಿ, ತಂದೆಯ ಕಡೆಯ ಪ್ರತಿ ಎರಡೂ ಬೇರೆ ಬೇರೆ. ಹಲವು ನೊಣ ಸೇರಿಸಿ ಅರೆದರೆ ಗೊಂದಲ ಇನ್ನೂ ಜಾಸ್ತಿ. ಒಂದೇ ಜೀನ್ ಎರಡಾಗಿ ಕಾಣಿಸುತ್ತದೆ.

2000ದಲ್ಲಿ ಲ್ಯಾಬ್‌ಗಳಲ್ಲಿ ಹೆಚ್ಚು ಸಾಕುವ ಡ್ರೊಸೊಫಿಲಾ ಪ್ರಭೇದ ಮೆಲನೊಗ್ಯಾಸ್ಟರ್‌ನ ಜೀನೋಮ್ ಪ್ರಕಟವಾಯಿತು. ಸುಮಾರು 12 ಕೋಟಿ ಅಕ್ಷರ, 13,600 ಜೀನ್. ಅದಕ್ಕೆ ಆರಿಸಿದ್ದು ಎರಡೂ ಪ್ರತಿ ಹೆಚ್ಚುಕಡಿಮೆ ಒಂದೇ ಆಗಿರುವಂತೆ ಬೆಳೆಸಿದ ತಳಿ. ಸುಮ್ನೆ ಅಲ್ಲ.

ಹಾಗಾಗಿ ಒಂದೇ ಹೆಣ್ಣಿನ ಮಕ್ಕಳಲ್ಲಿ ಅಣ್ಣ-ತಂಗಿಯನ್ನು ಕೂಡಿಸಿ, ಹೀಗೇ 20 ತಲೆಮಾರು ನಡೆಸಿ. 25 ಡಿಗ್ರಿಯಲ್ಲಿ ಒಂದು ತಲೆಮಾರಿಗೆ 10-12 ದಿನ. ಏಳೆಂಟು ತಿಂಗಳು ಹೋಗುತ್ತದೆ. ನಡುವೆ ಹೀಗೆ ಬೆಳೆಸಿದ ಎಷ್ಟೋ ಸಾಲು (ಒಂದೊಂದು ಹೆಣ್ಣಿನ ವಂಶ) ಸಾಯುತ್ತವೆ, ಅದಕ್ಕೇ ಜಾಸ್ತಿ ಸಾಲು ಹಿಡಿದು ಶುರುಮಾಡಬೇಕು. ಈಗ ಉದ್ದುದ್ದ ಚೂರು ಓದುವ ಯಂತ್ರಗಳಿವೆ, ಒಂದೇ ನೊಣದಿಂದಲೂ ಜೀನೋಮ್ ಕಟ್ಟುತ್ತಾರೆ, ನಿಜ. ಆದರೆ ಓದಿದ ನೊಣ ಸತ್ತಿರುತ್ತದೆ ಅಲ್ವಾ? ಮುಂದೆ ಕ್ರಾಸ್ ಮಾಡಿ ನೋಡಲು ಅದೇ ಜೀನೋಮ್ ಹೊತ್ತ ನೊಣ ಬೇಕು. ನನಗೆ ಹಳೇ ದಾರಿಯೇ ಇಷ್ಟ.

ಇನ್ನು ಹೊಟ್ಟೆ. ನೊಣ ತಿಂದ ಯೀಸ್ಟ್‌ನ ಡಿಎನ್‌ಎಯೂ ಜೊತೆಗೆ ಬರುತ್ತದೆ. ಡಿಎನ್‌ಎ ತೆಗೆಯುವ ಮುಂಚೆ ಕೆಲವು ಗಂಟೆ ಬರೀ ಅಗರ್ ಮೇಲೆ ಬಿಡಿ. ಜೀವಕೋಶದೊಳಗೇ ಇರುವ ವೊಲ್ಬಾಕಿಯ ಬ್ಯಾಕ್ಟೀರಿಯಾ ಉಪವಾಸಕ್ಕೆ ಜಗ್ಗುವುದಿಲ್ಲ. ಅದನ್ನು ಆಮೇಲೆ ಕಂಪ್ಯೂಟರಿನಲ್ಲಿ ಬೇರ್ಪಡಿಸಬಹುದು.

ಗಂಡೋ ಹೆಣ್ಣೋ ಎಂಬುದನ್ನೂ ಮೊದಲೇ ತೀರ್ಮಾನಿಸಿ. ಹೆಣ್ಣನ್ನಷ್ಟೇ ಕಳಿಸಿದರೆ ಗಂಡಿನಲ್ಲಿ ಮಾತ್ರ ಇರುವ ವೈ ಕ್ರೋಮೋಸೋಮ್ ಸಿಗುವುದೇ ಇಲ್ಲ. ಗಂಡಿನಲ್ಲಿ ಎಕ್ಸ್ ಒಂದೇ ಇರುವುದರಿಂದ ಅದರ ಚೂರುಗಳು ಅರ್ಧಕ್ಕೆ ಇಳಿಯುತ್ತವೆ. ಮೈಸೂರಿನ ಲ್ಯಾಬ್‌ಗಳಿಗೆ ಹಳೇ ಪರಿಚಯದ ನಸುಟಾ, ಆಲ್ಬೊಮಿಕನ್ಸ್ ಎಂಬ ಡ್ರೊಸೊಫಿಲಾ ಪ್ರಭೇದಗಳ ಜೋಡಿಯಲ್ಲಿ ಇದು ಇನ್ನೂ ಮುಖ್ಯ. ಮೊದಲನೆಯದಕ್ಕೆ 8 ಕ್ರೋಮೋಸೋಮ್, ಎರಡನೆಯದಕ್ಕೆ 6. ಆಲ್ಬೊಮಿಕನ್ಸ್‌ನಲ್ಲಿ ಮೂರನೇ ಕ್ರೋಮೋಸೋಮ್ ಎಕ್ಸ್, ವೈ ಎರಡಕ್ಕೂ ಅಂಟಿಕೊಂಡಿದೆ. ಬರೀ ಹೆಣ್ಣನ್ನು ಓದಿಸಿದರೆ ಈ ಕಥೆಯ ಅರ್ಧ ಕೈತಪ್ಪುತ್ತದೆ.