ಲೋಟದೊಳಗಿನ ನೀರಿಗೆ ಬೆಳ್ಳಿ ಅಂಚು ಬರುವುದೇಕೆ?

ಪ್ರಶ್ನೆ: 3ಡಿ ಚಿತ್ರ ಮಾಡುವ ಸಾಫ್ಟ್‌ವೇರ್ ಆದ ಬ್ಲೆಂಡರ್‌ನಲ್ಲಿ ಗಾಜಿನ ಲೋಟ ಮಾಡಿ ನೀರು ತುಂಬಿಸಿದ್ದೇನೆ. ಐಒಆರ್ (ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕು ಎಷ್ಟು ಬಾಗುತ್ತದೆಂಬ ಅಂಕಿ) ಗಾಜಿಗೆ 1.5, ನೀರಿಗೆ 1.33 ಕೊಟ್ಟಿದ್ದೇನೆ. ಆದರೂ ರೆಂಡರ್ ಮಾಡಿದರೆ, ಅಂದರೆ ಮಾಡೆಲ್‌ನಿಂದ ಚಿತ್ರ ತೆಗೆದರೆ, ಪ್ಲಾಸ್ಟಿಕ್ ಅಚ್ಚನ್ನು ಒಳಗಿಟ್ಟ ಹಾಗೆ ಕಾಣುತ್ತದೆ, ಅಂಚಿನಲ್ಲಿ ಬೆಳ್ಳಿ ಗೆರೆ ಬೇರೆ. ತಪ್ಪೆಲ್ಲಿ?

ಮೆಟೀರಿಯಲ್ ಸರಿಯಾಗಿದೆ, ಎಡವಿರುವುದು ಮಾಡೆಲ್‌ನಲ್ಲಿ. ನೀರಿಗೂ ಗಾಜಿಗೂ ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟಿರುತ್ತೀರಿ. ರೆಂಡರರ್ ಪಾಲಿಗೆ ಅದೊಂದು ಗಾಳಿಯ ಪದರ. ಗಾಜಿನೊಳಗಿಂದ ಗಾಳಿಗೆ ಹೊರಟ ಕಿರಣ ಮೇಲ್ಮೈಯ ಲಂಬರೇಖೆಗೆ ಸುಮಾರು 42 ಡಿಗ್ರಿಗಿಂತ ಹೆಚ್ಚು ಓರೆಯಾದರೆ ಆಚೆ ದಾಟುವುದೇ ಇಲ್ಲ, ಪೂರ್ತಿ ಪ್ರತಿಫಲಿಸುತ್ತದೆ. ಲೋಟ ದುಂಡಗಿರುವುದರಿಂದ ಅಷ್ಟು ಓರೆ ಸಿಗುವುದು ಅಂಚಿನಲ್ಲೇ. ನಿಮ್ಮ ಬೆಳ್ಳಿ ಗೆರೆ ಅದು.

ಅಡುಗೆಮನೆಗೆ ಹೋಗಿ ಒಂದು ಲೋಟಕ್ಕೆ ಅರ್ಧ ನೀರು ಹಾಕಿ ನೋಡಿ. ಮೇಲಿನ ಖಾಲಿ ಭಾಗದಲ್ಲಿ ಗಾಜಿನ ದಪ್ಪ ಕಾಣುತ್ತದೆ. ಕೆಳಗೆ ಒಳಗೋಡೆ ಮಾಯ! ನೀರು ಹೊರ ಅಂಚಿನವರೆಗೂ ತುಂಬಿಕೊಂಡಂತಿರುತ್ತದೆ. ನೇರ ಬಿದ್ದ ಬೆಳಕಿನಲ್ಲಿ ಗಾಜು–ಗಾಳಿಯ ಗಡಿ ಶೇ 4ರಷ್ಟನ್ನು ಹಿಂದಕ್ಕೆ ಕಳಿಸಿದರೆ, ಗಾಜು–ನೀರಿನ ಗಡಿ ಶೇ 0.4ರಷ್ಟನ್ನೂ ಕಳಿಸುವುದಿಲ್ಲ. ಐಒಆರ್ ಸುಮಾರು 1.45 ಇರುವ ಕೊಬ್ಬರಿ ಎಣ್ಣೆಯಲ್ಲಂತೂ ಗಾಜು ಎಲ್ಲಿ ಮುಗಿಯಿತೆಂದು ಹೇಳುವುದೇ ಕಷ್ಟ.

ಹಾಗೆಂದು ಎರಡು ಮೇಲ್ಮೈಗಳನ್ನು ಕರಾರುವಾಕ್ಕಾಗಿ ಒಂದೇ ಕಡೆ ಇಡಬೇಡಿ. ಯಾವುದು ಮೊದಲೆಂದು ತಿಳಿಯದೆ ಕಿರಣ ತಬ್ಬಿಬ್ಬಾಗಿ ಕಪ್ಪು ಚುಕ್ಕೆಗಳು ಬರುತ್ತವೆ. ನೀರಿನ ಮೆಶ್ಶನ್ನು (ಮಾಡೆಲ್‌ನ ಮೇಲ್ಮೈ ಜಾಲವನ್ನು) ತುಸು ಹಿಗ್ಗಿಸಿ ಗಾಜಿನ ಗೋಡೆಯೊಳಕ್ಕೆ ನುಗ್ಗಿಸಿ. ಬ್ಲೆಂಡರ್‌ನ ರೆಂಡರರ್ ಆದ ಸೈಕಲ್ಸ್‌ನಲ್ಲಿ ಇದು ಪೂರ್ತಿ ಸತ್ಯವಲ್ಲ, ಒಂದೆರಡು ಪ್ರತಿಫಲನ ಹೆಚ್ಚುವರಿಯಾಗಿ ಬರುತ್ತವೆ. ಆದರೆ ಬೆಳಕು ಬಾಗುವುದು ಹೆಚ್ಚುಕಡಿಮೆ ಸರಿಯಿರುತ್ತದೆ, ದೂರದ ಶಾಟ್‌ಗೆ ಧಾರಾಳ ಸಾಕು.

ಹತ್ತಿರದ ಶಾಟ್ ಆದರೆ ಗಾಜು ಗಾಳಿಗೆ ತಾಗುವಲ್ಲಿ 1.5, ನೀರು ಗಾಳಿಗೆ ತಾಗುವಲ್ಲಿ 1.33, ಗಾಜು ನೀರಿಗೆ ತಾಗುವಲ್ಲಿ 1.33/1.5, ಅಂದರೆ 0.887, ಹೀಗೆ ಮೂರು ಬೇರೆ ಮೇಲ್ಮೈ ಮಾಡಿ. ಕೊನೆಯದರ ನಾರ್ಮಲ್ (ಮೇಲ್ಮೈ ಮುಖ ಮಾಡಿರುವ ದಿಕ್ಕು) ಗಾಜಿನ ಕಡೆಗಿರಲಿ. ತಿರುಗಿದ್ದರೆ ಎಲ್ಲವೂ ಉಲ್ಟಾ. ಆರ್ನಾಲ್ಡ್ ಎಂಬ ಇನ್ನೊಂದು ರೆಂಡರರ್ ಬಳಸುವವರಿಗೆ ಈ ಗೋಳಿಲ್ಲ. ಎರಡೂ ಒಂದರೊಳಗೊಂದು ಸೇರಿರಲಿ, ಅಲ್ಲಿ ಗಾಜೇ ಗೆಲ್ಲಲಿ ಎಂದು ಆದ್ಯತೆ ಕೊಟ್ಟರಾಯಿತು. ಶ್ಮಿಟ್ ಮತ್ತು ಬಜ್ 2002ರಲ್ಲಿ ಪ್ರಕಟಿಸಿದ ಉಪಾಯವದು.

ಇಷ್ಟಾದರೂ ನೀರಿನ ಮೇಲ್ಮೈ ಚಪ್ಪಟೆಯಾಗಿದ್ದರೆ ಚಿತ್ರ ಸುಳ್ಳೆನಿಸುತ್ತದೆ. ನಿಜವಾದ ನೀರು ಗಾಜಿನ ಅಂಚಿನಲ್ಲಿ ಒಂದೆರಡು ಮಿಲಿಮೀಟರ್ ಮೇಲೇರಿರುತ್ತದೆ. ನೀರಿನ ಮಟ್ಟ ತೋರಿಸುವ ಆ ಹೊಳಪು ಗೆರೆ ಬರುವುದು ಅಲ್ಲಿಂದಲೇ. ನನ್ನ ಮಟ್ಟಿಗೆ ಐಒಆರ್‌ನ ಮೂರನೇ ದಶಾಂಶಕ್ಕಿಂತ ಇದು ಮುಖ್ಯ.

ನೀರಿನ ಬದಲು ಹಾಲಿಲ್ಲದ ಚಹಾ ಆದರೆ ಬಣ್ಣವನ್ನು ಮೇಲ್ಮೈಗೆ ಬಳಿಯದೆ ಒಳಗೆ ಸಾಗಿದಷ್ಟೂ ಬೆಳಕನ್ನು ಹೀರಿಕೊಳ್ಳುವ ವಾಲ್ಯೂಮ್ ಅಬ್ಸಾರ್ಪ್ಷನ್‌ನಲ್ಲಿ ಕೊಡಿ, ದಪ್ಪವಿದ್ದಲ್ಲಿ ತಾನಾಗಿ ಗಾಢವಾಗುತ್ತದೆ. ಆದರೆ ಅಳತೆ ನಿಜದ್ದಿರಲಿ. ಬ್ಲೆಂಡರ್ ತೆರೆದೊಡನೆ ಸಿಗುವ ಕ್ಯೂಬ್ 2 ಮೀಟರ್ ಇರುತ್ತದೆ. ಅದೇ ಗಾತ್ರದಲ್ಲಿ ಲೋಟ ಮಾಡಿದರೆ ಚಹಾ ಡಾಂಬರಾಗುತ್ತದೆ.