ಅನ್‌ರೀಚಬಲ್ ಆಬ್ಜೆಕ್ಟ್ ಅಂದರೆ ಗೂಟ ತಪ್ಪಿದ ಕರು

ಮೊದಲೇ ಹೇಳಿಬಿಡುತ್ತೇನೆ, ಅನ್‌ರೀಚಬಲ್ ಆಬ್ಜೆಕ್ಟ್ (ಪ್ರೋಗ್ರಾಂ ಕೈಗೆ ಇನ್ನು ಸಿಗದ, ಮೆಮೊರಿಯಲ್ಲಿ ಬಿದ್ದಿರುವ ಡೇಟಾ) ಅಂದರೆ ಮೆಮೊರಿ ಲೀಕ್ ಅಲ್ಲ. ಇದು ಗೊತ್ತಿಲ್ಲದೆ ನಾನು ಎರಡು ದಿನ ಹಾಳು ಮಾಡಿಕೊಂಡೆ.

ಕೋಲಾರದ ಟೊಮೆಟೊ ಮಾರ್ಕೆಟ್‌ನ ಒಂದು ಮಂಡಿಗೆ ಜಾವಾದಲ್ಲಿ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಸೀಸನ್‌ನಲ್ಲಿ 15 ಕೆಜಿ ಬಾಕ್ಸ್‌ಗಳು ಲಾಟ್ ಮೇಲೆ ಲಾಟ್ ಬಂದು ಬೀಳುವಾಗ, ಸರಿಯಾಗಿ ಹರಾಜಿನ ಹೊತ್ತಿಗೇ ಅದು ಮೆಮೊರಿ ಸಾಲದೆ ಕೂತುಬಿಡುತ್ತಿತ್ತು. ಹೀಪ್ ಡಂಪ್, ಅಂದರೆ ಆ ಹೊತ್ತಿನಲ್ಲಿ ಮೆಮೊರಿಯಲ್ಲಿದ್ದ ಆಬ್ಜೆಕ್ಟ್‌ಗಳ ನಕಲು, ತೆಗೆದು ನೋಡಿದರೆ ಅನ್‌ರೀಚಬಲ್ ಪಟ್ಟಿಯಲ್ಲಿ ರಾಶಿ ರಾಶಿ ಸ್ಟ್ರಿಂಗ್ (ಅಕ್ಷರಗಳ ಡೇಟಾ). ಕಳ್ಳ ಸಿಕ್ಕ ಅಂದುಕೊಂಡೆ.

ದನದ ಕೊಟ್ಟಿಗೆ ನೆನಪಿಸಿಕೊಳ್ಳಿ. ಗೂಟವೇ ರೂಟ್. ಓಡುತ್ತಿರುವ ಥ್ರೆಡ್‌ನ ಲೋಕಲ್ ವೇರಿಯಬಲ್, ಕ್ಲಾಸಿನ ಸ್ಟ್ಯಾಟಿಕ್ ಫೀಲ್ಡ್, ಇವೆಲ್ಲ ಗೂಟಗಳು. ರೆಫರೆನ್ಸ್, ಅಂದರೆ ಒಂದು ಆಬ್ಜೆಕ್ಟನ್ನು ತೋರಿಸುವ ಕೊಂಡಿ, ಅದೇ ಹಗ್ಗ. ಬೇಡದ ಆಬ್ಜೆಕ್ಟ್‌ಗಳನ್ನು ಗುಡಿಸಿ ಮೆಮೊರಿ ಖಾಲಿ ಮಾಡುವ ಗಾರ್ಬೇಜ್ ಕಲೆಕ್ಟರ್ ಗೂಟದಿಂದ ಹೊರಟು ಹಗ್ಗ ಹಿಡಿದುಕೊಂಡೇ ಹೋಗುತ್ತದೆ, ಕೈಗೆ ಸಿಕ್ಕಿದ್ದು ಉಳಿಯುತ್ತದೆ, ಸಿಗದ್ದೇ ಅನ್‌ರೀಚಬಲ್. ಎರಡು ಕರುಗಳನ್ನು ಒಂದಕ್ಕೊಂದು ಕಟ್ಟಿ ಗೂಟಕ್ಕೆ ಕಟ್ಟದೇ ಬಿಟ್ಟರೆ? ಎರಡೂ ಲೆಕ್ಕಕ್ಕಿಲ್ಲ. ಎಷ್ಟು ಹಗ್ಗ ಇದೆ ಅಂತ ಸುಮ್ನೆ ಎಣಿಸುವ ವಿಧಾನ ಮೋಸ ಹೋಗುವುದು ಇಲ್ಲೇ. ಪೈಥಾನ್ ಭಾಷೆ ಹಾಗೆ ಎಣಿಸುತ್ತದೆ, ಅದಕ್ಕೇ ಇಂಥ ಜೋಡಿಗಳನ್ನು ಹುಡುಕಲು ಇನ್ನೊಂದು ಕಲೆಕ್ಟರನ್ನೂ ಇಟ್ಟುಕೊಂಡಿದೆ. (ಇದೇನು ಹೊಸ ತಲೆನೋವಲ್ಲ, ಕಂಪ್ಯೂಟರ್ ವಿಜ್ಞಾನಿ ಜಾನ್ ಮೆಕಾರ್ತಿ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಗಾರ್ಬೇಜ್ ಕಲೆಕ್ಷನ್ ತಂದಿದ್ದು 1959ರ ಸುಮಾರಿಗೆ.)

ಹಾಗಾದರೆ ಆ ಸ್ಟ್ರಿಂಗ್‌ಗಳು ಡಂಪ್‌ನಲ್ಲಿ ಯಾಕಿದ್ದವು? ಹಗ್ಗ ಕಡಿದ ಕ್ಷಣಕ್ಕೇ ಕಲೆಕ್ಟರ್ ಓಡಿ ಬರುವುದಿಲ್ಲ, ಅಷ್ಟೇ. ಜಾಗ ಬೇಕಾದಾಗ ಬರುತ್ತದೆ. ಅಲ್ಲಿವರೆಗೆ ಕಸ ಬಿದ್ದಿರುತ್ತದೆ, ಬೆಳಗ್ಗೆ ಗುಡಿಸುವವರೆಗೆ ಕೊಟ್ಟಿಗೆಯಲ್ಲಿ ಸಗಣಿ ಇರುವುದಿಲ್ವಾ, ಹಾಗೆ. ಡಂಪ್ ತೆಗೆಯುವ ಜಾವಾ ಟೂಲ್ ಜೆಮ್ಯಾಪ್‌ನಲ್ಲಿ ಲೈವ್ ಅಂತ ಕೊಟ್ಟು ಡಂಪ್ ತೆಗೆದರೆ ಈ ಕಸ ಬರುವುದೇ ಇಲ್ಲ. ನಾನು ಕೊಟ್ಟಿರಲಿಲ್ಲ.

ಲೀಕ್ ಅನ್ನುವುದು ಇದರ ಉಲ್ಟಾ. ಯಾರಿಗೂ ಬೇಡ, ಆದರೂ ಗೂಟಕ್ಕೆ ಕಟ್ಟಿಯೇ ಇದೆ. ಹಗ್ಗ ಇರುವ ತನಕ ಕಲೆಕ್ಟರ್ ಅದನ್ನು ಮುಟ್ಟುವ ಹಾಗಿಲ್ಲ.

ಮೂರನೇ ದಿನ ಹೀಗೆ ಗೂಟಕ್ಕೆ ಕಟ್ಟಿಯೇ ಉಳಿದ ಆಬ್ಜೆಕ್ಟ್‌ಗಳಲ್ಲಿ ಜಾಸ್ತಿ ಜಾಗ ತಿನ್ನುತ್ತಿದ್ದ ಬಿಲ್ ಒಂದನ್ನು ಹಿಡಿದು, ಅದರ ಹಗ್ಗ ಯಾವ ಗೂಟಕ್ಕೆ ಹೋಗುತ್ತದೆ ಅಂತ ನೋಡಿದೆ. ಹೋಗಿ ನಿಂತಿದ್ದು ನಾನೇ ಬರೆದ ಸ್ಟ್ಯಾಟಿಕ್ ಹ್ಯಾಶ್‌ಮ್ಯಾಪ್ (ಒಂದು ಕೀಗೆ ಒಂದು ಮಾಹಿತಿ ಜೋಡಿಸಿಡುವ ಪಟ್ಟಿ) ಹತ್ತಿರ. ಲಾಟ್ ನಂಬರ್ ಹಾಕಿ ಬಿಲ್ ಸೇರಿಸುತ್ತಿದ್ದೆ, ತೆಗೆಯುತ್ತಲೇ ಇರಲಿಲ್ಲ. ಬಿಲ್ ಮುಗಿದ ಮೇಲೆ ತೆಗೆಯುವ ಒಂದು ಸಾಲು ಸೇರಿಸಿದೆ, ಸರಿಹೋಯಿತು.

ಮಂಡಿ ಸಾಹುಕಾರರಿಗೆ ಹೇಳಿದೆ. "ಮೂರು ದಿನ ಒಂದು ಸಾಲಿಗಾ ಸಾರ್?" ಅಂದರು.